ಲೋಟದ ನೀರು

ಹಾಸಿಗೆ ಪಕ್ಕದ ಸ್ಟೂಲಿನ ಮೇಲೆ
ಒಂದು ಗಾಜಿನ ಲೋಟ, ಅಂಚಿನವರೆಗೆ ನೀರು.
ಕುಡಿಯಲಿಕ್ಕಲ್ಲ.
ನಡುರಾತ್ರಿ ಎದೆ ಗುದ್ದಿ ಎಬ್ಬಿಸಿದಾಗ
ಟಾರ್ಚು ಬಿಟ್ಟು ನೋಡುತ್ತೇನೆ:
ನೀರು ನಡುಗುತ್ತಿದ್ದರೆ ಭೂಮಿ,
ಸುಮ್ಮನಿದ್ದರೆ
ನಾನು.

ಹನ್ನೊಂದು ವರ್ಷದಿಂದ, ಹೆಚ್ಚಿನ ಸಲ, ನಾನೇ.

ವಾಲ್ಪರೈಸೊದಲ್ಲಿ ಭೂಮಿ ಅಲುಗುವುದು ಸುದ್ದಿಯಲ್ಲ.
ಗುಡ್ಡ ತಬ್ಬಿ ನಿಂತ ತಗಡಿನ ಮನೆಗಳು ನಮ್ಮವು,
ಕೆಳಗೆ ಬಂದರು, ಹಡಗುಗಳ ಕೊರಳ ದನಿ.
ನಮ್ಮ ಮಾತಿನಲ್ಲಿ ಅದಕ್ಕೆ ಎರಡು ಹೆಸರು:
ಸಣ್ಣದು ತೆಂಬ್ಲೋರ್, ದೊಡ್ಡದು ತೆರ್ರೆಮೋತೊ.
ಸಣ್ಣದಕ್ಕೆ ಯಾರೂ ಕೈಯ ಬಟ್ಟಲು ಕೆಳಗಿಡುವುದಿಲ್ಲ.
ನನ್ನೊಳಗಿನದಕ್ಕೆ ಮಾತ್ರ ಹೆಸರಿಲ್ಲ, ಅಳೆಯುವ ಮುಳ್ಳಿಲ್ಲ,
ಮರುದಿನ ಬೀದಿಯಲ್ಲಿ ಯಾರೂ ಕೇಳುವುದಿಲ್ಲ,
‘ನಿನ್ನೆ ರಾತ್ರಿ ನಿಮಗೂ ಗೊತ್ತಾಯಿತೇ?’

ಗುಡ್ಡ ಹತ್ತುವ ಲಿಫ್ಟಿನಲ್ಲಿ ಟಿಕೆಟು ಹರಿಯುವುದು ನನ್ನ ಕೆಲಸ.
ಎರಡು ಮರದ ಡಬ್ಬಿ, ನಡುವೆ ಒಂದೇ ಹಗ್ಗ,
ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು.
ಆಗಸ್ಟಿನ ಒಂದು ಮಂಗಳವಾರ, ಚಿಲ್ಲರೆ ಎಣಿಸುತ್ತ,
ಬೆರಳು ನನ್ನವಲ್ಲ ಅನಿಸಿತು.
ಮೊಣಕಾಲ ಹಿಂದೆ ಒಂದು ತಣ್ಣನೆ ನೂಲು,
ಅದು ಮೇಲೇರಿ ಏರಿ ಗಂಟಲಿಗೆ ಗಂಟು.
ಕಿಟಕಿಯಾಚೆ ಸಾಲು. ‘ಬಾಕಿ ಕೊಡಿ, ಅಮ್ಮಾ.’
ಷಟರ್ ಎಳೆದು ನೆಲಕ್ಕೆ ಕುಳಿತೆ.
ಸಾಯುತ್ತಿದ್ದೇನೆ ಎಂದು ಅಷ್ಟು ಖಚಿತವಾಗಿ
ಯಾವತ್ತೂ ಯಾವುದೂ ಗೊತ್ತಿರಲಿಲ್ಲ ನನಗೆ.

ಯಂತ್ರ ನಡೆಸುವ ಮುದುಕ ಕುಸ್ತೋದಿಯೊ ಬಂದ.
ಏನೂ ಕೇಳಲಿಲ್ಲ. ಪಕ್ಕದಲ್ಲಿ ಕುಳಿತ, ಗ್ರೀಸು ಮೆತ್ತಿದ ಪ್ಯಾಂಟಿನಲ್ಲೇ.
ಬಹಳ ಹೊತ್ತಾದ ಮೇಲೆ ಟಿಕೆಟಿನ ಹಿಂದೆ ಒಂದು ವಿಳಾಸ ಬರೆದ:
‘ಹಡಗಿನ ಕೆಲಸ ಹೋದ ವರ್ಷ ನಾನೂ ಹೋಗಿದ್ದೆ.
ಅಲ್ಲಿನ ಕುರ್ಚಿ ಸರಿಯಿಲ್ಲ. ಮಿಕ್ಕಿದ್ದು ಪರವಾಗಿಲ್ಲ.’

ಅಕ್ಕ ಒಟೀಲಿಯ ಅಂದಳು: ಸೊಪ್ಪಿನ ಕಷಾಯ ಕುಡಿ, ನರ ಅಷ್ಟೇ.
ಕುಡಿದೆ. ಟಿಕೆಟನ್ನು ಏಪ್ರನ್ನಿನ ಜೇಬಲ್ಲಿಟ್ಟು ಒಗೆದೇಬಿಟ್ಟೆ,
ಮರೆತು ಅನ್ನುತ್ತೇನೆ, ಮರೆತಿರಲಿಲ್ಲ.
ನಾಲ್ಕು ತಿಂಗಳು ಬಿಟ್ಟು ಅವನ ಬಳಿಗೇ ಹೋಗಿ
ಇನ್ನೊಮ್ಮೆ ಬರೆಸಿಕೊಂಡೆ. ನಗಲಿಲ್ಲ ಮಹಾರಾಯ.

ಸರ್ಕಾರಿ ಚಿಕಿತ್ಸಾಲಯ, ಬೆಳಗಿನ ಆರೂವರೆ, ಸಾಲಿನಲ್ಲಿ ನಲವತ್ತಮೂರನೆಯವಳು.
ಅರ್ಜಿಯಲ್ಲಿ ‘ಕಾರಣ’ ಎಂಬಲ್ಲಿ ಎರಡು ಬೆರಳಗಲ ಜಾಗ.
‘ನಿದ್ದೆ’ ಎಂದು ಬರೆದೆ. ಹೊಡೆದುಹಾಕಿದೆ.
‘ಭಯ’ ಎಂದು ಬರೆದೆ. ಕೆಳಗೆ ಗೆರೆ ಎಳೆದೆ.
ಆಮೇಲೆ ಒಂಬತ್ತು ವಾರ ಕಾಯಿಸಿದರು.

ನಿಯೆವೆಸ್ ಅಂತ ಹೆಸರು, ನನ್ನ ಮಗಳಿಗಿಂತ ಚಿಕ್ಕವಳು,
ಉಗುರು ಕಚ್ಚುವ ಚಾಳಿಯವಳು.
ಲಸಿಕೆ ಇಡುತ್ತಿದ್ದ ಕೋಣೆ, ಮೂಲೆಯಲ್ಲಿ ಗೊರಗುಟ್ಟುವ ಹಳೆಯ ಫ್ರಿಜ್ಜು.
ಏಕೆ ಎಂದು ಕೇಳುತ್ತಾಳೆ ಅಂದುಕೊಂಡಿದ್ದೆ, ಕೇಳಿದ್ದು
‘ಎಲ್ಲಿಂದ ಶುರುವಾಗುತ್ತದೆ?’
ಮೊಣಕಾಲ ಹಿಂದೆ, ಅಂದೆ.
ಅಂದದ್ದೇ ಅತ್ತೆ. ಅಷ್ಟು ಸಣ್ಣ ಮಾತಿಗೆ.

ಮೂರನೆಯ ಸಲ, ಮಾತಿನ ನಡುವೆ,
ಮೇಜಿನ ಪೆನ್ನು ತಾನೇ ಉರುಳಿತು. ಫ್ರಿಜ್ಜಿನ ಬಾಗಿಲು ತೆರೆದುಕೊಂಡಿತು.
ನಾನಲ್ಲ, ಅಂದೆ ಜೋರಾಗಿ. ಇದು ನಾನಲ್ಲ!
ಅವಳ ಮುಖ ಸುಣ್ಣ. ತೆಮೂಕೊದವಳಂತೆ, ಎತ್ತರದ ಕಟ್ಟಡ ಅಭ್ಯಾಸವಿಲ್ಲ.
ಅವಳ ಕೈ ಹಿಡಿದೆ, ಅವಳೇ ಕಲಿಸಿದಂತೆ
ಎಣಿಸಿದೆವು, ಒಳಗೆ ನಾಲ್ಕು, ಹೊರಗೆ ಆರು,
ಇಬ್ಬರೂ, ಗೋಡೆ ನಿಲ್ಲುವವರೆಗೆ.

ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು.
ಮುಂದಿನ ವಾರ ನಾನು ಹೋಗಲಿಲ್ಲ, ಬಾಗಿಲವರೆಗೆ ಹೋಗಿ ತಿರುಗಿದೆ,
ಬ್ರೆಡ್ಡು ಕೊಂಡು ಬಂದೆ. ಅದರ ಮುಂದಿನ ವಾರ ಹೋದೆ.
ಗುಳಿಗೆ ಬೆಳಿಗ್ಗೆ ಅರ್ಧ. ಬಾಯಿ ಒಣಗುತ್ತದೆ.

ಮೊನ್ನೆ ರಾತ್ರಿ ಮತ್ತೆ ಎಚ್ಚರ, ಎದೆಯಲ್ಲಿ ಅದೇ ಗುದ್ದು.
ಟಾರ್ಚು ಹುಡುಕಿದೆ, ಸಿಗಲಿಲ್ಲ.
ಕತ್ತಲಲ್ಲಿ ಲೋಟ ತಡವಿ
ನಡುಗುತ್ತಿತ್ತೋ ಇಲ್ಲವೋ,
ಬಾಯಾರಿಕೆಯಾಗಿತ್ತು,
ಕುಡಿದುಬಿಟ್ಟೆ.